ದವಾಖಾನಿ ಬ್ಯಾಡ, ಮನ್ಯಾಗೇ ಹಡಿತೀನಿ ಅಂತಾಳ ತಂಗಿ: ಯಾಕ ಹಂಗಂತಾರ, ನಾವೇನು ಮಾಡ್ಬೇಕು?

ಪ್ರಶ್ನೆ: ಮೇಡಂ, ನಮ್ಮೂರು ಕಾರಟಗಿ ಹತ್ರ ಒಂದು ಕ್ಯಾಂಪು. ನನ್ನ ತಂಗಿಗೆ ಈಗ ಏಳು ತಿಂಗಳು, ಎರಡನೇ ಬಸ್ರು. ಮೊದಲನೇದು ದವಾಖಾನ್ಯಾಗ ನಾರ್ಮಲ್ ಆಗಿತ್ತು, ಏನೂ ತೊಂದ್ರಿ ಆಗಿರ್ಲಿಲ್ಲ. ಈಗ ತವರಿಗೆ ಬಂದಾಕಿ "ನಾ ದವಾಖಾನಿಗೆ ಹೋಗಂಗಿಲ್ಲ, ಮನ್ಯಾಗೇ ಹಡಿತೀನಿ, ಹಿಂದಿನ ಕಾಲದಾಗ ಎಲ್ರೂ ಮನ್ಯಾಗೇ ಹಡದಿಲ್ಲೇನು" ಅಂತ ಹಠ ಹಿಡದಾಳ. ಡಿಗ್ರಿ ಓದಿದಾಕಿ ಹಿಂಗ ಯಾಕ ಯೋಚನಿ ಮಾಡ್ತಾಳ? ಬೈದು ಕರ್ಕೊಂಡು ಹೋಗೋದಾ, ಇಲ್ಲ ಆಕಿ ಮಾತು ಕೇಳೋದಾ?

ಉತ್ತರ: "ಏನೂ ತೊಂದ್ರಿ ಆಗಿರ್ಲಿಲ್ಲ" ಅಂತ ಬರದೀರಲ್ಲ ಅಕ್ಕಾರ, ಮೊದ್ಲು ಅದೊಂದನ್ನ ತಂಗಿ ಹತ್ರ ಕೂತು ಕೇಳ್ರಿ. ಬೈಬ್ಯಾಡ್ರಿ, ನಾಲ್ಕು ಮಂದಿ ಮುಂದ ಕೇಳಬ್ಯಾಡ್ರಿ, ಇಬ್ರೇ ಇದ್ದಾಗ ಕೇಳ್ರಿ. ಕೇಸ್ ಶೀಟ್‌ನಾಗ ನಾರ್ಮಲ್ ಡೆಲಿವರಿ, ತಾಯಿ ಮಗು ಆರೋಗ್ಯ ಅಂತ ಇರ್ತೈತಿ, ಆದ್ರ ಆ ಬಾಗ್ಲಾ ಒಳಗ ಆಕಿ ಒಬ್ಬಾಕೇ ಇದ್ದಾಗ ಏನಾತು ಅನ್ನೋದು ಯಾವ ಶೀಟ್‌ನಾಗೂ ಬರಂಗಿಲ್ಲ. ನಾನು ತುಂಗಭದ್ರಾ ಎಡದಂಡಿ ಕಾಲುವಿ ಭಾಗದ ದವಾಖಾನಿಗಳಾಗ ಹೆರಿಗಿ ಮಾಡಿಸ್ಕೊಂತ ಬಂದಾಕಿ, ಮನ್ಯಾಗ ಹಡಿತೀನಿ ಅಂತ ಹಠ ಮಾಡೋ ಹೆಣ್ಮಕ್ಕಳನ್ನ ಕೂಡ್ರಿಸಿ ಕೇಳಿದ್ರ ಬಹಳಷ್ಟು ಮಂದಿ ಹೇಳೋದು ಮನಿ ಬಗ್ಗೆ ಅಲ್ಲ, ಹಿಂದಿನ ಹೆರಿಗಿ ಬಗ್ಗೆ. ಅವರು ಮನಿ ಆರಿಸ್ಕೊಂತಿಲ್ಲ, ಲೇಬರ್ ರೂಮಿಂದ ದೂರ ಓಡಾಕತ್ಯಾರ.

ಏನ್ ಹೇಳ್ತಾರ ಅಂದ್ರ, ಕಬ್ಬಿಣದ ಟೇಬಲ್ ಮ್ಯಾಲೆ ಅಂಗಾತ ಮಲಗಿಸ್ತಾರ, ಬ್ಯಾನಿ ಬಂದಾಗ ಎದ್ದು ಕೂಡ್ಬೇಕು ಅನಸ್ತೈತಿ, ಎದ್ರ ಬೈತಾರ. ಅವ್ವ ಹೊರಗ ಬಾಗ್ಲಾಗ ಥರ್ಮಸ್ಸು, ಹಳೇ ಸೀರಿ ಗಂಟು ಹಿಡ್ಕೊಂಡು ಕುಂತಿರ್ತಾಳ, ಮಗಳು ಒದರೋದು ಕೇಳಸ್ತೈತಿ, ಒಳಗ ಬಿಡಂಗಿಲ್ಲ. ಗಂಟಿಗೊಬ್ರು ಬಂದು ಕೈ ಹಾಕಿ ಪರೀಕ್ಷೆ ಮಾಡ್ತಾರ, ಯಾರು ಅಂತ ಹೇಳಂಗಿಲ್ಲ, ಗರ್ಭಕೋಶದ ಬಾಯಿ ಎಷ್ಟು ತೆರದೈತಿ ಅಂತನೂ ಹೇಳಂಗಿಲ್ಲ. ತಡ ಆತಂದ್ರ ಹೊಟ್ಟಿ ಮ್ಯಾಲೆ ಮೊಣಕೈ ಇಟ್ಟು ಒತ್ತುತಾರ. ಕೂಸು ಬರೋ ದಾರಿ ದೊಡ್ಡದು ಮಾಡಾಕ ಕೇಳ್ದೆ ಕೊಯ್ದು ಹೊಲಿಗಿ ಹಾಕ್ತಾರ. ಚೀರಿದ್ರ ತೊಡಿ ಮ್ಯಾಲೆ ಒಂದು ಏಟು, ಮ್ಯಾಲೆ ಒಂದು ಮಾತು, "ಗಂಡನ ಹತ್ರ ಹೋಗಾಗ ನಾಚಿಕಿ ಇರ್ಲಿಲ್ಲೇನು" ಅಂತ. ಆ ಏಟು ಮರೀತಾರ ಅಕ್ಕಾರ, ಆ ಮಾತು ಮರೆಯಂಗಿಲ್ಲ. ಡಿಗ್ರಿ ಓದಿದಾಕಿ ಅಂತ ನೀವು ಆಶ್ಚರ್ಯ ಪಟ್ಟೀರಿ, ನಾ ನೋಡ್ದಂಗ ಓದಿದಾಕಿಗೆ ಅದು ಇನ್ನೂ ಆಳಕ್ಕ ಹೋಗ್ತೈತಿ, ಯಾಕಂದ್ರ ಹಂಗ ಮಾತಾಡೋ ಹಕ್ಕು ಯಾರಿಗೂ ಇಲ್ಲ ಅನ್ನೋದು ಆಕಿಗೆ ಗೊತ್ತಿರ್ತೈತಿ.

ಎಲ್ಲಾ ದವಾಖಾನ್ಯಾಗೂ ಹಿಂಗ ಆಗ್ತೈತಿ ಅಂತಲ್ಲ. ಬಂದವ್ರನ್ನ ಅವ್ವ ತಾಯಿ ಅಂತ ಮಾತಾಡ್ಸಿ, ಬೆನ್ನು ತಿಕ್ಕಿ, ರಾತ್ರಿಯೆಲ್ಲಾ ಪಕ್ಕದಾಗ ನಿಂತು ಹೆರಿಗಿ ಮಾಡಿಸೋ ಸಿಸ್ಟರ್‌ಗಳನ್ನ ನಾನು ಭಾಳ ಮಂದಿನ್ನ ನೋಡೀನಿ. ರಾತ್ರಿ ಡ್ಯೂಟಿಗೆ ಇಬ್ರೇ ಇರ್ತಾರ, ಒಳಗ ನಾಲ್ಕೈದು ಮಂದಿ ಬ್ಯಾನಿ ತಿನ್ನಾಕತ್ತಿರ್ತಾರ, ಅವರೂ ಮನುಷ್ಯರೇ. ಹಂಗಂತ ಏಟು ಹೊಡಿಯೋದು ಸರಿ ಆಗಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಾಗ ಹೆರಿಗಿ ಆರೈಕಿ ಬಗ್ಗೆ ಶಿಫಾರಸು ಹೊರಡಿಸ್ತು, ಅದ್ರಾಗ ಇರೋದನ್ನ ನೋಡಿದ್ರ ನಿಮ್ಮ ತಂಗಿ ಕೇಳೋದೇ ಇರ್ತೈತಿ: ಬ್ಯಾನಿ ಟೈಮ್‌ನಾಗ ಓಡಾಡಾಕ ಬಿಡ್ರಿ, ಆಕಿಗೆ ಬೇಕಾದ ಭಂಗಿಯಾಗ ಹಡಿಯಾಕ ಬಿಡ್ರಿ, ಆಕಿ ಹೇಳಿದ ಒಬ್ರು ಜೋಡಿ ಇರ್ಲಿ, ಎಲ್ರಿಗೂ ಕೊಯ್ಯೋದು ಬ್ಯಾಡ, ಹೊಟ್ಟಿ ಒತ್ತೋದು ಬ್ಯಾಡ. ಹೆರಿಗಿ ಜೋಡಿದಾರರನ್ನ ಒಳಗ ಬಿಡ್ಬಹುದು ಅಂತ ನಮ್ಮ ಕೇಂದ್ರ ಆರೋಗ್ಯ ಇಲಾಖಿ 2016ರಾಗೇ ಹೇಳೈತಿ, ಲೇಬರ್ ರೂಮ್ ಸುಧಾರಣಿಗೆ ಅಂತ 2017ರ ಡಿಸೆಂಬರ್‌ನಾಗ ಲಕ್ಷ್ಯ ಅನ್ನೋ ಕಾರ್ಯಕ್ರಮನೂ ಶುರು ಮಾಡ್ತು. ಕಾಗದದ ಮ್ಯಾಲೆ ಎಲ್ಲಾ ಐತಿ, ಅದು ನಮ್ಮ ತಾಲೂಕು ದವಾಖಾನಿ ಬಾಗ್ಲಾ ತನಕ ಬಂದು ಮುಟ್ಟೋದು ಒಂದೊಂದು ಕಡಿ ಒಂದೊಂದು ತರ.

ಇನ್ನ ಎರಡನೇದು ಸಿಸೇರಿಯನ್ ಭಯ. ಇದೂ ಸುಳ್ಳು ಭಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ ನೂರಕ್ಕ 21.5 ಹೆರಿಗಿ ಸಿಸೇರಿಯನ್, ಖಾಸಗಿ ದವಾಖಾನಿ ಒಂದೇ ನೋಡಿದ್ರ 47.4, ಅಂದ್ರ ಹತ್ರ ಹತ್ರ ಅರ್ಧಕ್ಕರ್ಧ. ಕರ್ನಾಟಕದಾಗ ಒಟ್ಟು 31.5. ಇಷ್ಟು ಮಂದಿಗೆ ಖರೇನೇ ಬೇಕಿತ್ತಾ ಅಂತ ಯಾರಾದ್ರೂ ಕೇಳಿದ್ರ ನಾ ಎಲ್ರಿಗೂ ಬೇಕಿತ್ತು ಅಂತ ಹೇಳಂಗಿಲ್ಲ. ನೆಲ್ಲು ನಾಟಿ ಹಚ್ಚಾಕ, ಹತ್ತಿ ಬಿಡಿಸಾಕ ಹೋಗೋ ಹೆಣ್ಮಗಳಿಗೆ ಹೊಟ್ಟಿ ಕೊಯ್ದ್ರ ಅಂದ್ರ ತಿಂಗಳಾನುಗಟ್ಟಲೆ ಕೂಲಿ ಹೋತು, ಕೊಡ ಎತ್ತಂಗಿಲ್ಲ, ಮುಂದಿನ ಬಸ್ರಿಗೂ ಅದೇ ಚಿಂತಿ. ಸರ್ಕಾರಿ ದವಾಖಾನ್ಯಾಗ ಎಲ್ಲಾ ಪುಕ್ಕಟ ಅಂತಾರ, ಆದ್ರ ಕೂಸು ಹುಟ್ಟಿದ ಕೂಡ್ಲೆ ಖುಷಿಗೆ ಕೊಡ್ರಿ ಅಂತ ಕೈ ಚಾಚೋರು ಅದಾರ, ಗಂಡಾದ್ರ ಒಂದು ರೇಟು ಹೆಣ್ಣಾದ್ರ ಒಂದು ರೇಟು ಅಂತ ನನ್ನ ಮುಂದನೇ ಹೇಳಿದ ಅತ್ತಿ ಮಾವ ಅದಾರ.

ಅದ್ರ ಮ್ಯಾಲೆ ಬಳ್ಳಾರಿದು ಬಂತು. 2024ರ ನವೆಂಬರ್‌ನಾಗ ಬಳ್ಳಾರಿ ಜಿಲ್ಲಾ ಆಸ್ಪತ್ರ್ಯಾಗ ಸಿಸೇರಿಯನ್ ಆದ ಬಾಣಂತಿಯರು ಒಬ್ರ ಹಿಂದ ಒಬ್ರು ತೀರಿಕೊಂಡ್ರು, ಒಟ್ಟು ಐದು ಜೀವ ಹೋತು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಅನ್ನೋ ಐವಿ ಬಾಟ್ಲಿ ಮ್ಯಾಲೆ ಅನುಮಾನ ಬಂದು ಸರ್ಕಾರ ಆ ಕಂಪನಿ ದ್ರಾವಣ ಬಳಸೋದು ನಿಲ್ಲಿಸ್ತು, ರಾಜ್ಯದ ಔಷಧ ನಿಯಂತ್ರಕರನ್ನ ಅಮಾನತು ಮಾಡ್ತು. ಆ ಸುದ್ದಿ ನಮ್ಮ ಭಾಗದಾಗ ಪ್ರತಿಯೊಬ್ಬ ಬಸುರಿ ಮೊಬೈಲ್‌ಗೆ ಹೋಗೇತಿ. ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಎಲ್ಲಾ ಕಡಿ ಓಪಿಡಿ ಒಳಗ "ಗ್ಲೂಕೋಸ್ ಹಚ್ಚಬ್ಯಾಡ್ರಿ ಮೇಡಂ" ಅನ್ನೋ ಮಾತು ಶುರು ಆತು. ಅವರನ್ನ ಮೂಢರು ಅಂತ ನಾ ಹೆಂಗ ಅನ್ನಲಿ? ಸತ್ತೋರು ನಮ್ಮ ಹೆಣ್ಮಕ್ಕಳೇ, ನಂಬಿ ಬಂದು ಮಲಗಿದವ್ರು.

ಮನ್ಯಾಗ ಹಡಿಯೋರೆಲ್ಲಾ ಆರಿಸ್ಕೊಂಡು ಹಡಿತಾರ ಅಂತ ತಿಳ್ಕೋಬ್ಯಾಡ್ರಿ ಮತ್ತ. ಕರ್ನಾಟಕದಾಗ ನೂರಕ್ಕ 97 ಹೆರಿಗಿ ದವಾಖಾನ್ಯಾಗ ಆಗ್ತಾವ ಅಂತ ಅದೇ ಸಮೀಕ್ಷೆ ಹೇಳ್ತೈತಿ, ಉಳಿದ ಮೂರರಾಗ ನಾನಾ ತರದೋರು ಅದಾರ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡಿಯಿಂದ ಗುಳೇ ಹೋದಾಕಿಗೆ ಬೆಂಗಳೂರಿನ ಕಟ್ಟಡದ ಶೆಡ್‌ನಾಗೇ ಬ್ಯಾನಿ ಬರ್ತೈತಿ. ಕುರಿ ಹಿಂದ ಹೋದಾಕಿಗೆ ಯಾವುದೋ ಹೊಲದಾಗ. ಮನ್ಯಾಗ ಇನ್ನೆರಡು ಸಣ್ಣ ಕೂಸು ಬಿಟ್ಟು ಬರಾಕ ಆಗ್ದಾಕಿ ಒಬ್ಬಾಕಿ. ನಾಲ್ಕನೇದು ಐದನೇದು ಆದ್ರ "ಅಲ್ಲಿ ಹೋದ್ರ ಹೇಳ್ದೆ ಕೇಳ್ದೆ ಮತ್ತ ಬಸ್ರಾಗದಂಗ ಕಾಪರ್-ಟಿ ಹಾಕಿಬಿಡ್ತಾರ, ಆಪರೇಷನ್ ಮಾಡ್ಸಂತ ಜೀವ ತಿಂತಾರ" ಅನ್ನೋ ಭಯಕ್ಕ ಬರದೇ ಇರಾಕಿ ಒಬ್ಬಾಕಿ.

ಇನ್ನೊಂದು ಗುಂಪು ಐತಿ, ಅದ್ರ ಬಗ್ಗೆ ಯಾರೂ ಬಾಯಿ ಬಿಡಂಗಿಲ್ಲ, ನನಗ ಭಾಳ ಸಂಕಟ ಆಗೋದು ಅಲ್ಲೇ. ಹದಿನೆಂಟು ತುಂಬದ ಹುಡುಗಿಯರು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದಾಗ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ಅಂಥಾ ಹುಡುಗಿ ಬಸುರಾಗಿ ಬಂದ್ರ ದವಾಖಾನಿಯವ್ರು ಪೊಲೀಸ್ರಿಗೆ ತಿಳಿಸ್ಲೇಬೇಕು. ಗಂಡನ ಮ್ಯಾಲೆ ಕೇಸ್ ಬೀಳ್ತೈತಿ ಅಂತ ಮನಿಯವ್ರು ಹುಡುಗಿನ್ನ ಒಳಗಾ ಇಟ್ಟು, ತಾಯಿ ಕಾರ್ಡೂ ಮಾಡ್ಸದೆ, ಬಾಗ್ಲಾ ಹಾಕ್ಕೊಂಡು ಹಡಿಸ್ತಾರ. ಕಾಯ್ದೆ ಇರೋದು ಆ ಹುಡುಗಿ ಸಲುವಾಗೇ, ಆದ್ರ ಎಲ್ರಿಗಿಂತ ಜಾಸ್ತಿ ಅಪಾಯ ಇರೋ ಮೈ ಎಲ್ರಿಗಿಂತ ದೂರ ಉಳೀತೈತಿ. ನಿಮ್ಮ ಓಣ್ಯಾಗ ಅಂಥಾ ಹುಡುಗಿ ಇದ್ರ ಕೇಸಿಗೆ ಹೆದ್ರಿ ಆಕಿ ಜೀವ ಪಣಕ್ಕ ಇಡಬ್ಯಾಡ್ರಿ ಅಂತ ಅವರ ಮನಿಯವ್ರಿಗೆ ಹೇಳ್ರಿ. ಕೇಸು ಏನಾಗ್ತದೋ ಆಗ್ಲಿ, ಹುಡುಗಿ ಬದುಕ್ಬೇಕು.

ಈಗ ನಿಮ್ಮ ತಂಗಿ "ಹಿಂದಿನ ಕಾಲದಾಗ ಹಡದಿಲ್ಲೇನು" ಅಂತಾಳಲ್ಲ, ಆ ಮಾತಿಗೆ ಬರೋಣು. ನಮ್ಮ ಸೂಲಗಿತ್ತಿಯರ ಕೈಯಾಗ ವಿದ್ಯೆ ಇತ್ತು, ಅದ್ರಾಗ ಎರಡು ಮಾತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವ್ರು ಸಾವಿರಾರು ಹೆರಿಗಿ ಮಾಡ್ಸಿದ್ರು, ಒಂದು ರೂಪಾಯಿ ಕೇಳದೆ, 2018ರಾಗ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಾಗ ತೀರಿಕೊಂಡ್ರು. ನಮ್ಮ ಕಡಿನೂ ಊರಿಗೊಬ್ಬಾಕಿ ಅಂಥಾ ಅವ್ವ ಇದ್ಲು. ಕಂಬ ಹಿಡಿಸಿ ಕುಕ್ಕರಗಾಲಲ್ಲಿ ಕೂಡ್ಸಾಕಿ, ಎಣ್ಣಿ ಹಚ್ಚಿ ಬೆನ್ನು ನೀವಾಕಿ, ಆತುರ ಮಾಡಂಗಿಲ್ಲ, ಹೆರಿಗಿ ಆದ ಮ್ಯಾಲೂ ಬಂದು ಕೂಸಿಗೆ ನೀರು ಹಾಕಿ, ಹೊರಸಿನ ಕೆಳಗ ಕೆಂಡ ಇಟ್ಟು, ಬಾಣಂತಿಗೆ ಅಂಟಿನುಂಡಿ ತಿನ್ನಿಸಿ ಹೋಗಾಕಿ. ಕುಕ್ಕರಗಾಲಲ್ಲಿ ಕುಂತ್ರ ಕೂಸು ಇಳಿಯಾಕ ಅನುಕೂಲ ಅಂತ ಈಗ ನಮ್ಮ ಮೆಡಿಕಲ್ ಪುಸ್ತಕನೂ ಒಪ್ತೈತಿ. ಅಂಗಾತ ಮಲಗಿಸೋದು ತಾಯಿ ಅನುಕೂಲಕ್ಕಿಂತ ನಮ್ಮ ಡಾಕ್ಟ್ರ ಅನುಕೂಲಕ್ಕ ಬಂದ ಪದ್ಧತಿ. ಅವರಿಂದ ನಾವು ಕಲಿಯೋದು ಇತ್ತು, ಕಲೀಲಿಲ್ಲ.

ಆದ್ರ ಆ ಕಾಲದಾಗ ಹಡದು ಬದುಕಿದವ್ರು ಕಥಿ ಹೇಳಾಕ ಉಳದಾರ, ಸತ್ತೋರು ಹೇಳಾಕ ಉಳದಿಲ್ಲ. ನಿಮ್ಮ ಮನಿತನದಾಗೇ ಕೇಳಿ ನೋಡ್ರಿ, "ಹಡಿಯಾಗ ಹೋದ್ಲು" ಅನ್ನೋ ಒಬ್ಬಾಕಿ ಅತ್ತಿನೋ ದೊಡ್ಡವ್ವನೋ ಇರ್ತಾರ, ಎರಡನೇ ಲಗ್ನ ಆದ ಅಜ್ಜ ಇರ್ತಾನ. 1997-98ರಾಗ ನಮ್ಮ ದೇಶದಾಗ ಒಂದು ಲಕ್ಷ ಜೀವಂತ ಹೆರಿಗಿಗೆ 398 ತಾಯಂದಿರು ಸಾಯ್ತಿದ್ರು. 2018-20ಕ್ಕ ಅದು 97ಕ್ಕ ಇಳೀತು, ಕರ್ನಾಟಕದಾಗ 69. ಬರೇ ದವಾಖಾನಿಯಿಂದ ಇಳೀತು ಅನ್ನಂಗಿಲ್ಲ, ಲಗ್ನದ ವಯಸ್ಸು, ಊಟ, ರಸ್ತೆ, 2008ರಾಗ ಬಂದ 108 ಗಾಡಿ, ಊರೂರಿಗೆ ಆಶಾ ಅಕ್ಕಂದಿರು ಎಲ್ಲಾ ಸೇರ್ಯಾವ. ಆದ್ರ ಹೆರಿಗಿ ದವಾಖಾನಿಗೆ ಹೋಗಿದ್ದು ಅದ್ರಾಗ ದೊಡ್ಡ ಪಾಲು.

ಯಾಕ ಅಂತ ಒಂದೇ ಒಂದು ವಿಷಯ ಬಿಡಿಸಿ ಹೇಳ್ತೀನಿ, ರಕ್ತಸ್ರಾವ. ತುಂಬು ತಿಂಗಳಾಗ ಗರ್ಭಕೋಶಕ್ಕ ನಿಮಿಷಕ್ಕ ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಹರೀತಿರ್ತೈತಿ. ಕೂಸು ಹೊರಗ ಬಂದು, ಮಾಸ ಬಿದ್ದ ಕೂಡ್ಲೆ ಗರ್ಭಕೋಶ ಮುಷ್ಟಿ ಬಿಗಿದಂಗ ಗಟ್ಟಿ ಆಗ್ಬೇಕು, ಆಗ ಮಾತ್ರ ಆ ರಕ್ತನಾಳಗಳ ಬಾಯಿ ಮುಚ್ಚತಾವ. ಗಟ್ಟಿ ಆಗ್ಲಿಲ್ಲ ಅಂದ್ರ ನಲ್ಲಿ ಬಿಟ್ಟಂತ ಅಲ್ಲೇ ಹರೀತೈತಿ, ಸೀರಿ ತೊಯ್ದು, ಹಾಸಿಗಿ ತೊಯ್ದು, ಮನಿಯವ್ರು ಹೆರಿಗಿ ಅಂದ್ರ ರಕ್ತ ಹೋಗೋದೇ ಅಂತ ಕುಂತಿರ್ತಾರ, ಎರಡು ತಾಸಿನಾಗ ಜೀವ ಹೋಗಬಹುದು. ಇದು ಯಾರಿಗೆ ಆಗ್ತೈತಿ ಅಂತ ಮೊದ್ಲೇ ಹೇಳಾಕ ಬರಂಗಿಲ್ಲ, ಇದೇ ಮುಖ್ಯ. ಬಿಪಿ ಸರಿ, ರಕ್ತ ಸರಿ, ಮೊದಲನೇದು ಸುಸೂತ್ರ, ಅಂಥಾಕಿಗೇ ಆಗಬಹುದು. ದವಾಖಾನ್ಯಾಗ ಕೂಸು ಹುಟ್ಟಿದ ಒಂದು ನಿಮಿಷದೊಳಗ ತೊಡಿಗೆ ಗರ್ಭಕೋಶ ಬಿಗಿಯಂಗ ಮಾಡೋ ಆಕ್ಸಿಟೋಸಿನ್ ಸೂಜಿ 10 ಯೂನಿಟ್ ಹಾಕ್ತಾರ, ಹೊಟ್ಟಿ ಮ್ಯಾಲೆ ಕೈ ಇಟ್ಟು ಗರ್ಭಕೋಶ ಗಟ್ಟಿ ಆತಾ ಅಂತ ನೋಡ್ತಾರ, ಆಗ್ಲಿಲ್ಲ ಅಂದ್ರ ತಿಕ್ತಾರ, ಬಾಟ್ಲಿ ಹಚ್ತಾರ, ರಕ್ತ ಏರಿಸ್ತಾರ. ಮನ್ಯಾಗ ಆ ಸೂಜಿ ಇಲ್ಲ, ಇದ್ರೂ ಅದನ್ನ ಫ್ರಿಜ್‌ನಾಗ 2ರಿಂದ 8 ಡಿಗ್ರಿಯೊಳಗ ಇಡ್ಬೇಕು, ನಮ್ಮ ಬಿಸಲಾಗ ಹೊರಗ ಇಟ್ಟ ಸೂಜಿಗೆ ಶಕ್ತಿ ಇರಂಗಿಲ್ಲ. ನಮ್ಮ ಭಾಗದಾಗ ಇನ್ನೊಂದು ಕಷ್ಟ, ರಕ್ತಹೀನತಿ. ಹಿಮೋಗ್ಲೋಬಿನ್ 12 ಇದ್ದಾಕಿ ಅರ್ಧ ಲೀಟರ್ ರಕ್ತ ಹೋದ್ರ ತಡ್ಕೊಂತಾಳ, 7 ಇದ್ದಾಕಿ ತಡ್ಕೊಳ್ಳಂಗಿಲ್ಲ.

"ಹೊರದೇಶದಾಗ ಡಾಕ್ಟ್ರೇ ಮನ್ಯಾಗ ಹಡಿರಿ ಅಂತಾರಂತ" ಅಂತ ತಂಗಿ ಅಂದ್ರ, ಅದೂ ಪೂರ್ತಿ ಸುಳ್ಳಲ್ಲ. ಇಂಗ್ಲೆಂಡ್‌ನಾಗ 2011ರಾಗ ಒಂದು ದೊಡ್ಡ ಅಧ್ಯಯನ ಬಂತು, ಸುಮಾರು 64,000 ಕಡಿಮಿ ಅಪಾಯದ ಹೆರಿಗಿ ನೋಡಿದ್ರು. ಎರಡನೇದು ಮೂರನೇದು ಹಡಿಯೋರಿಗೆ ಮನ್ಯಾಗ ಯೋಜನಿ ಮಾಡಿದ್ರ ಕೂಸಿಗೆ ಜಾಸ್ತಿ ಅಪಾಯ ಕಾಣಲಿಲ್ಲ, ಮೊದಲನೇದಕ್ಕ ಮಾತ್ರ ಅಪಾಯ ಜಾಸ್ತಿ ಇತ್ತು. ಆದ್ರ ಅಲ್ಲಿ ಮನಿ ಅಂದ್ರ ಏನು ನೋಡ್ರಿ: ಹೆರಿಗಿ ಮಾಡ್ಸೋದನ್ನೇ ಓದಿ ಲೈಸೆನ್ಸ್ ತಗೊಂಡ ಮಿಡ್‌ವೈಫ್ ಬ್ಯಾಗ್‌ನಾಗ ಔಷಧ, ಆಕ್ಸಿಜನ್ ಹಿಡ್ಕೊಂಡು ಬಂದಿರ್ತಾಳ, ಒಂದು ಫೋನಿಗೆ ಆಂಬ್ಯುಲೆನ್ಸ್, ದವಾಖಾನ್ಯಾಗ ಇಂಥಾಕಿ ಬರ್ತಾಳ ಅಂತ ಮೊದ್ಲೇ ಗೊತ್ತಿರ್ತೈತಿ. ಅಷ್ಟಿದ್ದೂ ಮೊದಲನೇ ಹೆರಿಗಿಯವ್ರಾಗ ನೂರಕ್ಕ 45 ಮಂದಿನ್ನ ನಡಕಿನಾಗ ದವಾಖಾನಿಗೆ ಸಾಗಿಸ್ಬೇಕಾತು. ನಮ್ಮ ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಾಗ ಮಿಡ್‌ವೈಫ್ ಸೇವೆಗೆ ಮಾರ್ಗಸೂಚಿ ತಂತು, ಅದು ಚಂದಾಗಿ ಬೆಳದ್ರ ನಿಮ್ಮ ತಂಗಿಯಂಥಾಕಿಗೆ ದವಾಖಾನಿ ಒಳಗೇ ಮನಿಯಂಥ ಹೆರಿಗಿ ಸಿಗ್ತೈತಿ. ಅದಾಗೋ ತನಕ ಕಾರಟಗಿ ಕ್ಯಾಂಪಿನ ಮನಿನ್ನ ಇಂಗ್ಲೆಂಡ್ ಮನಿ ಜೋಡಿ ಹೋಲಿಸಾಕ ಆಗಂಗಿಲ್ಲ.

ಯೂಟ್ಯೂಬ್ ನೋಡಿ ಗಂಡನೇ ಹಡಿಸ್ತೀನಿ ಅನ್ನೋರೂ ಈಗ ಶುರು ಆಗ್ಯಾರ. ತಮಿಳುನಾಡಿನ ತಿರುಪ್ಪೂರ್‌ನಾಗ 2018ರ ಜುಲೈನಾಗ ಒಬ್ಬ ಟೀಚರ್ ಹಂಗೇ ಮನ್ಯಾಗ ಹಡದು ರಕ್ತ ಹೋಗಿ ತೀರಿಕೊಂಡ್ರು, ಓದಿದಾಕಿನೇ. ನಮ್ಮ ಹಳ್ಳಿ ಕಡಿ ಅಪಾಯ ಬ್ಯಾರೆ ತರ: ಮನ್ಯಾಗ ಹಡಿಯಾಕ ಕುಂತಾಗ ತಡ ಆತಂದ್ರ ಡಾಕ್ಟ್ರಿಕಿ ಓದದ ಊರಿನ ಆರೆಂಪಿ ಡಾಕ್ಟ್ರನ್ನ ಕರದು "ಬ್ಯಾನಿ ಸೂಜಿ" ಹಾಕಿಸ್ತಾರ. ಅದೇ ಆಕ್ಸಿಟೋಸಿನ್, ಆದ್ರ ಕೂಸು ಹುಟ್ಟೋಕ್ಕಿಂತ ಮೊದ್ಲು, ಅಳತಿ ಇಲ್ದೆ. ಗರ್ಭಕೋಶ ಹರೀಬಹುದು, ಕೂಸಿಗೆ ಉಸಿರು ಕಟ್ಟಬಹುದು. ಏನೇ ಆಗ್ಲಿ, ಮನ್ಯಾಗ ಆ ಸೂಜಿ ಮಾತ್ರ ಬ್ಯಾಡ, ಇದನ್ನ ನಿಮ್ಮ ಅವ್ವನಿಗೂ ಹೇಳ್ರಿ.

ಹಂಗಾರ ಏನು ಮಾಡ್ಬೇಕು. ತಂಗಿ ಹೇಳಿದ್ದನ್ನ ಪೂರ್ತಿ ಕೇಳ್ರಿ, "ಎಲ್ರಿಗೂ ಹಂಗ ಆಗ್ತೈತಿ ಬಿಡು" ಅನ್ನಬ್ಯಾಡ್ರಿ. ಆಮೇಲೆ ಆಕಿಗೆ ಏನೇನು ಬ್ಯಾಡಾಗಿತ್ತೋ ಅದನ್ನೇ ಒಂದು ಚೀಟಿ ಮಾಡ್ರಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನ್ಯಾಗ ಬಸುರಿಯರನ್ನ ಡಾಕ್ಟ್ರು ನೋಡ್ತಾರ, ಅವತ್ತು ನೀವೂ ಜೋಡಿ ಹೋಗ್ರಿ. ಹಿಮೋಗ್ಲೋಬಿನ್, ಬಿಪಿ, ಕೂಸಿನ ತಲಿ ಕೆಳಗ ಐತಾ ಇಲ್ಲಾ ನೋಡ್ಸ್ರಿ, ತಾಯಿ ಕಾರ್ಡ್‌ನಾಗ ಬರಸ್ರಿ. ಹಂಗೇ ಲೇಬರ್ ರೂಮಿನ ಸಿಸ್ಟರ್‌ನ್ನ ಭೇಟಿ ಆಗಿ ಕೇಳ್ರಿ: ಬ್ಯಾನಿ ಟೈಮ್‌ನಾಗ ಅಕ್ಕ ಒಬ್ಬಾಕಿ ಒಳಗ ಇರಬಹುದಾ, ಓಡಾಡಬಹುದಾ, ಮಗ್ಗಲಾಗಿ ಇಲ್ಲ ಕುಕ್ಕರಗಾಲಲ್ಲಿ ಹಡಿಯಾಕ ಬಿಡ್ತೀರಾ, ಬೇಕಾದ್ರ ಮಾತ್ರ ಕೊಯ್ತೀರಾ, ಕಾಪರ್-ಟಿ ಕೇಳದೆ ಹಾಕಬ್ಯಾಡ್ರಿ. ಜಗಳದ ದನಿ ಬ್ಯಾಡ, ಆದ್ರ ಕೇಳ್ರಿ. ಮೊದ್ಲೇ ಮುಖ ಪರಿಚಯ ಇದ್ದ ಬಸುರಿ ಜೋಡಿ ಸಿಬ್ಬಂದಿ ಮಾತಾಡೋ ರೀತಿನೇ ಬ್ಯಾರೆ ಆಗ್ತೈತಿ, ಹಂಗಾಗಬಾರ್ದು, ಎಲ್ರಿಗೂ ಒಂದೇ ಇರ್ಬೇಕು, ಆದ್ರ ಈಗಿರೋದು ಹಂಗ. ಒಂದು ದವಾಖಾನ್ಯಾಗ ಮೂಗು ಮುರದ್ರ ಇನ್ನೊಂದು ನೋಡ್ರಿ, ಮೊದಲನೇ ಸಲ ಹೋದಲ್ಲೇ ಹೋಗ್ಬೇಕು ಅಂತ ಕಾಯ್ದೆ ಇಲ್ಲ. ಆದ್ರ ರಕ್ತದ ವ್ಯವಸ್ಥೆ ಮತ್ತ ಸಿಸೇರಿಯನ್ ಅನುಕೂಲ ಇರೋ ದವಾಖಾನಿ ಎಷ್ಟು ಹತ್ರ ಐತಿ ಅಂತ ಮೊದ್ಲೇ ತಿಳ್ಕೊಂಡಿರ್ರಿ.

ದುಡ್ಡಿನ ಮಾತು ಬಂದ್ರ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಐತಿ, ಹೆರಿಗಿ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಾಕ ಬರಾಕ ಗಾಡಿ ಎಲ್ಲಾ ಉಚಿತ, ಅದು ಹಕ್ಕು. ಯಾರಾದ್ರೂ ಕೇಳಿದ್ರ 104ಕ್ಕ ಫೋನ್ ಮಾಡಿ ದೂರು ಕೊಡ್ರಿ.

ಎರಡನೇ ಹೆರಿಗಿ ಮೊದಲನೇದಕ್ಕಿಂತ ಬೇಗ ಆಗ್ತೈತಿ, ಅದಕ್ಕ ಬ್ಯಾನಿ ಐದೈದು ನಿಮಿಷಕ್ಕ ಬರೋ ತನಕ ಕಾಯ್ದು ಕುಂದ್ರಬ್ಯಾಡ್ರಿ, ಒಂದು ಅಳತಿಗೆ ಬರಾಕತ್ತಿದ ಕೂಡ್ಲೆ 108ಕ್ಕ ಹಚ್ರಿ. ನೀರು ಹೋದ್ರ, ರಕ್ತ ಕಂಡ್ರ, ತಲಿನೋವು ಬಂದು ಕಣ್ಣು ಮಂಜಾದ್ರ, ಕೂಸಿನ ಅಲುಗಾಟ ಕಡಿಮಿ ಆದ್ರ ಬ್ಯಾನಿ ಬರ್ಲಿ ಬಿಡ್ಲಿ ಹೊರಡ್ರಿ.

ಇಷ್ಟಾದ ಮ್ಯಾಲೂ ಗಾಡಿ ಬರೋದ್ರಾಗ ಮನ್ಯಾಗೇ ಕೂಸು ಬಂದುಬಿಟ್ರ ಗಾಬರಿ ಆಗಬ್ಯಾಡ್ರಿ. ಒಣ ಬಟ್ಟಿಲೆ ಕೂಸಿನ್ನ ಒರಸಿ ಹಡದ ತಾಯಿ ಬರೀ ಎದಿ ಮ್ಯಾಲೆ ಹಾಕಿ ಮ್ಯಾಲಿಂದ ಹೊದಸ್ರಿ, ಹಾಲು ಕುಡಿಸಾಕ ಹಚ್ರಿ, ಹೊಕ್ಕಳಬಳ್ಳಿ ಅವಸರ ಮಾಡಿ ಕೊಯ್ಯಬ್ಯಾಡ್ರಿ, ಮಾಸ ಬೀಳಲಿ ಅಂತ ಬಳ್ಳಿ ಹಿಡ್ದು ಜಗ್ಗಬ್ಯಾಡ್ರಿ, ಬೂದಿ ಅರಿಷಿಣ ಏನೂ ಹಚ್ಚಬ್ಯಾಡ್ರಿ. ಆಶಾ ಅಕ್ಕನ್ನ, ನರ್ಸಮ್ಮನ್ನ ಕರೀರಿ. ಆಮೇಲೆ "ಆತಲ್ಲ ಇನ್ಯಾಕ" ಅಂತ ಗಾಡಿ ವಾಪಸ್ ಕಳಸಬ್ಯಾಡ್ರಿ, ತಾಯಿ ಕೂಸು ಇಬ್ರನ್ನೂ ಅದೇ ಗಾಡ್ಯಾಗ ಕರ್ಕೊಂಡು ಹೋಗಿ ಎರಡು ದಿನ ಅಲ್ಲೇ ಇರ್ರಿ. ಮನ್ಯಾಗ ಹುಟ್ಟಿದ ಕೂಸಿನ ಜನನ ನೋಂದಣಿ 21 ದಿನದೊಳಗ ಮನಿಯವ್ರೇ ಮಾಡಿಸ್ಬೇಕು, ಅದನ್ನೂ ನೆನಪಿಟ್ಕೊಳ್ರಿ. ತಂಗಿ ಜೋಡಿ ಮಾತಾಡಿದ ಮ್ಯಾಲೆ ಆಕಿಗೆ ನನ್ನ ಕೇಳೋದು ಏನಾರ ಇದ್ರ ಆಕಿನೇ ಬರೀಲಿ, ನಾ ಉತ್ತರ ಕೊಡ್ತೀನಿ.